ಪರದೆಯಿಂದ ಹಿಂದಕ್ಕೆ ಒಂದು ಲೆಕ್ಕ

ಅಕ್ಕನ ಮಗ ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದ. ಗೇಮ್ ಆಡಲು ಒಂದು ಒಳ್ಳೆಯ ಕಂಪ್ಯೂಟರ್ ಬೇಕು, ಅದನ್ನು ತಾನೇ ಕೈಯಾರೆ ಜೋಡಿಸಬೇಕು ಅನ್ನುವುದು ಅವನ ಆಸೆ. ಈಚೆಗೆ ಆ ದುಡ್ಡು ಒಂದು ಹದಕ್ಕೆ ಬಂತು. ತೀರಾ ಕಮ್ಮಿಯೂ ಅಲ್ಲ, ಕೇಳಿದ್ದೆಲ್ಲ ಸಿಗುವಷ್ಟು ಜಾಸ್ತಿಯೂ ಅಲ್ಲ. ಫೋನ್ ಮಾಡಿ ಮೊದಲು ಕೇಳಿದ್ದೇ ಇದು: "ಮಾವ, ಯಾವ ಪ್ರೊಸೆಸರ್ ತಗೊಳ್ಳಲಿ?"

"ನಿನ್ನ ಮಾನಿಟರ್ ಯಾವುದು?" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮಾನಿಟರ್ ಯಾವುದಾದ್ರೂ ಆಗುತ್ತಲ್ವಾ? ಅದನ್ನ ಆಮೇಲೆ ನೋಡಿದ್ರಾಯ್ತು."

ಇದೇ ಮಾತನ್ನು ನಾನೂ ಒಂದು ಕಾಲದಲ್ಲಿ ಹೇಳಿದ್ದೆ. ನಾನು ಮೊದಲ ಸಲ ಕಂಪ್ಯೂಟರ್ ಜೋಡಿಸಿದ್ದು 2017ರಲ್ಲಿ. ಎಂಟು ಕೋರ್‌ಗಳ (ಲೆಕ್ಕ ಮಾಡುವ ಎಂಟು ಭಾಗಗಳಿರುವ) ಪ್ರೊಸೆಸರ್ ನಮ್ಮಂಥವರ ಕೈಗೂ ಎಟುಕಿದ ವರ್ಷ ಅದು, ಹಾಗಾಗಿ ಮೊದಲು ಅದನ್ನೇ ಕೊಂಡೆ. ಅದಕ್ಕೆ ಒಪ್ಪುವ ಹಾಗಿರಲಿ ಅಂತ, ಭಾಗಗಳೆಲ್ಲ ಕೂರುವ ಮದರ್‌ಬೋರ್ಡ್ ಕೂಡ ದುಬಾರಿಯದು. ಬಣ್ಣದ ದೀಪದ ರ‍್ಯಾಮ್. ಗಾಜಿನ ಕ್ಯಾಬಿನೆಟ್. ಉಳಿದ ದುಡ್ಡು ಹಿಡಿದು, ಪರದೆಯ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಹುಡುಕಲು ಹೊರಟಾಗ ಸಿಕ್ಕಿದ್ದು 3 ಜಿಬಿ ಮೆಮೊರಿಯದು. ಪವರ್ ಸಪ್ಲೈ ಸರದಿ ಬರುವ ಹೊತ್ತಿಗೆ ಉಳಿದಿದ್ದು ಇನ್ನೂ ಕಮ್ಮಿ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗಾಗಿತ್ತು. ವರ್ಷ ತುಂಬುವುದರೊಳಗೆ ಹೊಸ ಗೇಮ್‌ಗಳಲ್ಲಿ ಗೋಡೆ, ಮರ, ಮನುಷ್ಯರ ಮುಖ ಎಲ್ಲ ಮಸುಕಾಗತೊಡಗಿದವು. ಅತ್ತ ಪ್ರೊಸೆಸರ್‌ನ ಅರ್ಧದಷ್ಟು ಕೋರ್‌ಗಳು ಕೆಲಸವಿಲ್ಲದೆ ಕೂತಿದ್ದವು. ಬಿಡಿಯಾಗಿ ನೋಡಿದರೆ ಹೆಚ್ಚಿನ ಭಾಗಗಳು ಒಳ್ಳೆಯವೇ. ನಾನು ಕೊಂಡ ಕ್ರಮ ತಲೆಕೆಳಗಾಗಿತ್ತು.

ಅದಕ್ಕೇ ಈ ಸಲ ಅವನ ಜೊತೆ ಕೂತು ಪರದೆಯಿಂದ ಶುರು ಮಾಡಿದೆ. ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದೆವು.

ಗೇಮ್ ಆಡುವಾಗ ಕಂಪ್ಯೂಟರ್‌ಗೆ ಇರುವ ಕೆಲಸ ಏನು? ಪರದೆಯ ಮೇಲಿರುವ ಚುಕ್ಕಿಗಳಿಗೆಲ್ಲ ಹೊತ್ತಿಗೆ ಸರಿಯಾಗಿ ಬಣ್ಣ ತುಂಬಬೇಕು. ಎಷ್ಟು ಚುಕ್ಕಿ, ಸೆಕೆಂಡಿಗೆ ಎಷ್ಟು ಸಲ, ಇದನ್ನು ಹೇಳುವುದು ಮಾನಿಟರ್. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿ, ಅಂದರೆ ಪಿಕ್ಸೆಲ್, ಇರುತ್ತವೆ. 2560×1440 ಅಂದರೆ 36.9 ಲಕ್ಷ. 4ಕೆ ಪರದೆಯಲ್ಲಿ 82.9 ಲಕ್ಷ, ಅಂದರೆ ಮೊದಲನೆಯದರ ಸರಿಯಾಗಿ ನಾಲ್ಕು ಪಟ್ಟು. ಇನ್ನು ಸಮಯ. 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಗೆ ಒಂದು ಫ್ರೇಮ್ (ಒಂದು ಪೂರ್ತಿ ಚಿತ್ರ) ಸಿದ್ಧ ಮಾಡಲು 16.7 ಮಿಲಿಸೆಕೆಂಡ್ ಸಿಗುತ್ತದೆ. 144 ಹರ್ಟ್ಜ್ ಆದರೆ ಬರೀ 6.9. ಅಷ್ಟರೊಳಗೆ ಗುಂಡು ಎಲ್ಲಿ ಬಿತ್ತು, ಯಾರು ಓಡಿದರು, ನೆರಳು ಎಲ್ಲಿ ಬೀಳಬೇಕು, ಇಷ್ಟೂ ಲೆಕ್ಕ ಮುಗಿದು ಚಿತ್ರ ಪರದೆಗೆ ಬಂದಿರಬೇಕು. ಈ ಎರಡು ಸಂಖ್ಯೆ ಗೊತ್ತಿಲ್ಲದೆ ಪ್ರೊಸೆಸರ್ ಆರಿಸುವುದು, ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ಅವನು ಆಡುವುದು ಎರಡು ಬಗೆಯ ಗೇಮ್. ಗೆಳೆಯರ ಜೊತೆ ಕೌಂಟರ್-ಸ್ಟ್ರೈಕ್ 2, ಒಬ್ಬನೇ ಇದ್ದಾಗ ಸೈಬರ್‌ಪಂಕ್ 2077 ತರಹದ್ದು. ಎರಡರ ಬೇಡಿಕೆಯೂ ಬೇರೆ. ಮೊದಲನೆಯದಕ್ಕೆ ವೇಗ ಬೇಕು, ಅಂದರೆ ಪ್ರೊಸೆಸರ್ ಚುರುಕಾಗಿರಬೇಕು. ಎರಡನೆಯದು ಬೆಳಕು, ಮಳೆ, ಗಾಜಿನ ಪ್ರತಿಬಿಂಬ ಎಲ್ಲ ಸೇರಿ ಗ್ರಾಫಿಕ್ಸ್ ಕಾರ್ಡ್‌ನ ಮೈ ಮುರಿಯುತ್ತದೆ. ನಡುವಿನ ಬಜೆಟ್‌ಗೆ ನನಗೆ ಸರಿ ಅನ್ನಿಸಿದ್ದು 27 ಇಂಚಿನ 1440 ಪರದೆ, 144 ಹರ್ಟ್ಜ್ ಅಥವಾ ಅದರ ಮೇಲೆ. 27 ಇಂಚಿನಲ್ಲಿ 1080 ತಗೊಂಡರೆ ಇಂಚಿಗೆ 82 ಪಿಕ್ಸೆಲ್ ಅಷ್ಟೇ, ಹತ್ತಿರ ಕೂತರೆ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. 1440ರಲ್ಲಿ ಅದು 109 ಆಗುತ್ತದೆ. 1080 ಸಾಕು ಅನ್ನುವವರಿಗೆ 24 ಇಂಚು ಚೆನ್ನ.

"1440 ಅಂದ್ರೆ ಕಾರ್ಡ್‌ಗೆ ಜಾಸ್ತಿ ಕೆಲಸ ಆಗಲ್ವಾ?" ಅಂತ ಅವನು ಕೇಳಿದ. ಒಳ್ಳೆಯ ಪ್ರಶ್ನೆ. ಆಗುತ್ತದೆ, ಸುಮಾರು 1.8 ಪಟ್ಟು. ಆದರೆ ಈಗ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತರಹದ ಅಪ್‌ಸ್ಕೇಲಿಂಗ್ ಇದೆ. ಕಾರ್ಡ್ ಸಣ್ಣ ಚಿತ್ರ ಬರೆಯುತ್ತದೆ, ಸಾಫ್ಟ್‌ವೇರ್ ಅದನ್ನು ದೊಡ್ಡದು ಮಾಡುತ್ತದೆ. 1440 ಪರದೆಯಲ್ಲಿ 'ಕ್ವಾಲಿಟಿ' ಮಟ್ಟ ಇಟ್ಟರೆ ಕಾರ್ಡ್ ನಿಜವಾಗಿ ಬರೆಯುವುದು ಸುಮಾರು 1707×960 ಮಾತ್ರ. ಅಂದರೆ 16.4 ಲಕ್ಷ ಪಿಕ್ಸೆಲ್. ಇದು 1080 ಪರದೆಯ ಪೂರ್ತಿ ಚಿತ್ರಕ್ಕಿಂತ ಕಮ್ಮಿ! ದೊಡ್ಡದು ಮಾಡುವ ಕೆಲಸಕ್ಕೂ ಒಂದಿಷ್ಟು ಸಮಯ ಹೋಗುತ್ತದೆ ನಿಜ, ಆದರೂ ಕಣ್ಣಿಗೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಇದು ಗೊತ್ತಾದ ದಿನದಿಂದ ನಾನು ನಡುವಿನ ಬಜೆಟ್‌ನವರಿಗೆ 1440 ಅನ್ನು ಧೈರ್ಯವಾಗಿ ಹೇಳುತ್ತೇನೆ.

ಫ್ರೇಮ್ ಜನರೇಶನ್ ವಿಷಯ ಬೇರೆ. ಎರಡು ಫ್ರೇಮ್‌ಗಳ ನಡುವೆ ಊಹೆಯ ಫ್ರೇಮ್ ತುಂಬುವ ಆಟ ಅದು. ಮೊದಲೇ 60ರ ಮೇಲೆ ಓಡುತ್ತಿದ್ದರೆ ಇನ್ನೂ ನಯವಾಗಿ ಕಾಣಿಸುತ್ತದೆ. 25–30ರಲ್ಲಿ ತೆವಳುತ್ತಿದ್ದರೆ ಸಂಖ್ಯೆ ಮಾತ್ರ ಏರುತ್ತದೆ, ಮೌಸ್ ತಿರುಗಿಸಿದಾಗ ಕೈಗೆ ಆ ಭಾರ ಹಾಗೇ ತಟ್ಟುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಅದನ್ನು ಸೇರಿಸಿ ಬರೆದ ದೊಡ್ಡ ಸಂಖ್ಯೆ ನೋಡಿ ಕಾರ್ಡ್ ಆರಿಸಬೇಡಿ.

ಈಗ ಗ್ರಾಫಿಕ್ಸ್ ಕಾರ್ಡ್. ಇಲ್ಲಿ ನಿಧಾನ ಮಾಡಬೇಕು. ಮಾನಿಟರ್ ಬಿಟ್ಟು ಉಳಿದ ದುಡ್ಡನ್ನು ನೂರು ಪಾಲು ಮಾಡಿದರೆ ನಲವತ್ತರ ಆಸುಪಾಸು ಇದಕ್ಕೇ ಇರಲಿ ಅನ್ನುವುದು ನನ್ನ ಲೆಕ್ಕ. ಬೇರೆ ಭಾಗಗಳಲ್ಲಿ ಉಳಿಸಿದ್ದೆಲ್ಲ ಇಲ್ಲಿಗೆ ಬರಬೇಕು. ಬಂದ ದುಡ್ಡು ಮೊದಲು ಹೋಗಬೇಕಾದ್ದು ಕಾರ್ಡ್‌ನ ಮೆಮೊರಿಗೆ.

ಮೆಮೊರಿ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2020ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅನ್ನುವ ಗೇಮ್ ಯಂತ್ರಗಳು ಬಂದವು. ಎರಡರಲ್ಲೂ 16 ಜಿಬಿ ಮೆಮೊರಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಹಂಚಿಕೊಳ್ಳುವಂಥದ್ದು. ದೊಡ್ಡ ಗೇಮ್‌ಗಳನ್ನು ಮಾಡುವವರು ಆ ಅಳತೆಗೆ ತಕ್ಕ ಹಾಗೆ ಗೋಡೆ, ಬಟ್ಟೆ, ನೆಲದ ಚಿತ್ರಗಳನ್ನು ತುಂಬುತ್ತಾರೆ. ಅದೇ ಗೇಮ್ ಕಂಪ್ಯೂಟರ್‌ಗೆ ಬಂದಾಗ 8 ಜಿಬಿ ಕಾರ್ಡ್ ಏದುಸಿರು ಬಿಡುತ್ತದೆ. ಮೆಮೊರಿ ಸಾಲದೇ ಹೋದಾಗ ಏನಾಗುತ್ತದೆ ಗೊತ್ತಾ? ಸರಾಸರಿ ಫ್ರೇಮ್ ಸಂಖ್ಯೆ ಅಷ್ಟೇನೂ ಇಳಿಯದಿರಬಹುದು. ಆದರೆ ತಿರುಗಿದಾಗೊಮ್ಮೆ ಚಿತ್ರ ತಟಕ್ ಅಂತ ನಿಂತು ಮುಂದೆ ಹೋಗುತ್ತದೆ. ಕಾರ್ಡ್‌ನಲ್ಲಿ ಹಿಡಿಸದ್ದನ್ನು ಕಂಪ್ಯೂಟರ್‌ನ ರ‍್ಯಾಮ್‌ನಿಂದ ತರಬೇಕು, ಆ ದಾರಿ ಕಾರ್ಡ್‌ನ ಒಳಗಿನ ದಾರಿಗಿಂತ ಎಷ್ಟೋ ಪಟ್ಟು ಕಿರಿದು. ಕೆಲವು ಗೇಮ್‌ಗಳು ಹಾಗೆ ನಿಲ್ಲದೆ, ಹೇಳದೆ ಕೇಳದೆ ಚಿತ್ರವನ್ನೇ ಮಸುಕು ಮಾಡಿಬಿಡುತ್ತವೆ. ನನ್ನ ಹಳೆಯ 3 ಜಿಬಿ ಕಾರ್ಡ್‌ನಲ್ಲಿ ಆದದ್ದು ಅದೇ. ಸೆಟ್ಟಿಂಗ್ ತಪ್ಪಿರಬೇಕು ಅಂತ ವಾರಗಟ್ಟಲೆ ಹುಡುಕಿದ್ದೆ.

ಇವತ್ತು 1440ಕ್ಕೆ ಕೊಳ್ಳುವುದಾದರೆ 12 ಜಿಬಿಗೆ ಕಮ್ಮಿ ಬೇಡ, 16 ಸಿಕ್ಕರೆ ನೆಮ್ಮದಿ. ಇಂಟೆಲ್ ಆರ್ಕ್ ಬಿ580 ಅನ್ನುವ ಕಾರ್ಡ್ 12 ಜಿಬಿಯದು. ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಯಲ್ಲಿ ಬರುತ್ತವೆ, ಹೆಸರು ಮಾತ್ರ ಒಂದೇ. ಇಲ್ಲೇ ಜನ ಎಡವುವುದು. ಆರ್‌ಟಿಎಕ್ಸ್ 3060 ಕೂಡ 2021ರಲ್ಲಿ 12 ಜಿಬಿಯಾಗಿ ಬಂದು, ಆಮೇಲೆ ಅದೇ ಹೆಸರಲ್ಲಿ 8 ಜಿಬಿಯದೊಂದು ಬಂತು. ಎರಡನೆಯದರಲ್ಲಿ ಮೆಮೊರಿ ಕಮ್ಮಿ ಆದದ್ದಷ್ಟೇ ಅಲ್ಲ, ಮೆಮೊರಿ ದಾರಿಯ ಅಗಲವೂ 192 ಬಿಟ್‌ನಿಂದ 128ಕ್ಕೆ ಇಳಿದಿತ್ತು. ಹೆಸರು ಓದಿ ಸಾಲದು, ಅದರ ಪಕ್ಕದ ಸಂಖ್ಯೆಯನ್ನೂ ಓದಬೇಕು.

ಇನ್ನೊಂದು ಸಣ್ಣ ವಿಷಯ, ಹಳೆಯ ಮದರ್‌ಬೋರ್ಡ್ ಇಟ್ಟುಕೊಂಡು ಕಾರ್ಡ್ ಮಾತ್ರ ಬದಲಿಸುವವರಿಗೆ. ಆರ್‌ಟಿಎಕ್ಸ್ 4060, 5060 ಟಿಐ ತರಹದ ಕಾರ್ಡ್‌ಗಳು ತಾವು ಕೂರುವ ಪಿಸಿಐಇ ಸ್ಲಾಟ್‌ನ ಹದಿನಾರು ಲೇನ್‌ಗಳಲ್ಲಿ (ಮಾಹಿತಿ ಓಡುವ ಸಾಲುಗಳಲ್ಲಿ) ಎಂಟನ್ನು ಮಾತ್ರ ಬಳಸುತ್ತವೆ. ಹೊಸ ಬೋರ್ಡ್‌ನಲ್ಲಿ ಅದರಿಂದ ತೊಂದರೆಯಿಲ್ಲ. ಹಳೆಯ, ನಿಧಾನದ ಪಿಸಿಐಇ 3.0ರ ಬೋರ್ಡ್‌ನಲ್ಲಿ, ಅದೂ 8 ಜಿಬಿ ಕಾರ್ಡ್‌ನ ಮೆಮೊರಿ ತುಂಬಿ ಹರಿಯುವಾಗ, ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ರಿವ್ಯೂ ನೋಡುವಾಗ ಅವನಿಗೆ ಒಂದೇ ಅಭ್ಯಾಸ ಕಲಿಸಿದೆ. ಸರಾಸರಿ ಸಂಖ್ಯೆಯ ಪಕ್ಕದಲ್ಲಿ '1% ಲೋ' ಅಂತ ಇನ್ನೊಂದು ಇರುತ್ತದೆ, ಅದನ್ನು ಮೊದಲು ನೋಡು ಅಂದೆ. ತೀರಾ ನಿಧಾನವಾಗಿ ಬಂದ ನೂರರಲ್ಲೊಂದು ಪಾಲು ಫ್ರೇಮ್‌ಗಳ ಕಥೆ ಅದು. ಸರಾಸರಿ 110 ಇದ್ದು ಇದು 40 ಇದ್ದರೆ ಆಟ ಮುಗ್ಗರಿಸುತ್ತದೆ. ಸರಾಸರಿ 90, ಇದು 72 ಇದ್ದರೆ ಆಟ ಹಾಲು ಹರಿದ ಹಾಗೆ ಸಾಗುತ್ತದೆ. ಎರಡನೆಯದನ್ನೇ ನಾನು ಕಣ್ಣು ಮುಚ್ಚಿ ತಗೊಳ್ಳುತ್ತೇನೆ.

ಪ್ರೊಸೆಸರ್‌ಗೆ ಬರೋಣ. ಅವನು ಮೊದಲು ಕೇಳಿದ್ದೇ ಇದು, ನಾವು ತಲುಪಿದ್ದು ಮೂರನೆಯದಾಗಿ. ಪ್ರತಿ ಫ್ರೇಮ್‌ಗೂ ಗೇಮ್‌ನ ಲೋಕ ಎಲ್ಲಿದೆ, ಯಾರು ಏನು ಮಾಡುತ್ತಿದ್ದಾರೆ ಅಂತ ಲೆಕ್ಕ ಹಾಕಿ, ಇದನ್ನು ಬರೆ ಅಂತ ಕಾರ್ಡ್‌ಗೆ ಕೊಡುವುದು ಪ್ರೊಸೆಸರ್. ಅದು ನಿಧಾನವಾದರೆ ಕಾರ್ಡ್ ಕಾಯುತ್ತಾ ಕೂರುತ್ತದೆ. ಕಾರ್ಡ್ ನಿಧಾನವಾದರೆ ಪ್ರೊಸೆಸರ್ ಕಾಯುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆಗಬಾರದು. ಪರದೆ ದೊಡ್ಡದಾದಷ್ಟೂ ಭಾರ ಕಾರ್ಡ್ ಕಡೆಗೆ ವಾಲುತ್ತದೆ, ಯಾಕಂದರೆ ಪಿಕ್ಸೆಲ್ ಹೆಚ್ಚಾದರೆ ಪ್ರೊಸೆಸರ್‌ನ ಕೆಲಸ ಅಷ್ಟಾಗಿ ಹೆಚ್ಚುವುದಿಲ್ಲ. 1440ರಲ್ಲಿ ಆಡುವವನಿಗೆ ಎಎಂಡಿಯ ರೈಜನ್ 5 7600 ತರಹದ ಆರು ಕೋರ್‌ನ ಪ್ರೊಸೆಸರ್ ಸಾಕಾಗುವುದು ಇದಕ್ಕೇ. ಅದು 65 ವಾಟ್‌ನದು, ಜೊತೆಗೆ ಕೂಲರ್ ಕೂಡ ಡಬ್ಬಿಯಲ್ಲೇ ಬರುತ್ತದೆ.

ನಿಮ್ಮ ಹತ್ತಿರ ಈಗಾಗಲೇ ಕಂಪ್ಯೂಟರ್ ಇದ್ದು ಯಾವುದು ಬದಲಿಸಬೇಕು ಅಂತ ಗೊಂದಲವಿದ್ದರೆ ಒಂದು ಪರೀಕ್ಷೆ ಮಾಡಿ. ಗೇಮ್‌ನ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ಚೆನ್ನಾಗಿ ಏರಿದರೆ ಇಷ್ಟು ದಿನ ತಡೆಯುತ್ತಿದ್ದದ್ದು ಕಾರ್ಡ್. ಇದ್ದಲ್ಲೇ ಇದ್ದರೆ ಪ್ರೊಸೆಸರ್. ಐದು ನಿಮಿಷದ ಕೆಲಸ, ಖರ್ಚಿಲ್ಲ.

ಕೋರ್‌ಗಳ ಸಂಖ್ಯೆಗೆ ಮರುಳಾಗುವುದು ಸುಲಭ, ನಾನೂ ಆಗಿದ್ದೆ. ಗೇಮ್‌ಗಳಿಗೆ ಕೋರ್‌ಗಿಂತ ಪ್ರೊಸೆಸರ್ ಒಳಗಿನ ಕ್ಯಾಶ್ ಎಷ್ಟು ನೆರವಾಗುತ್ತದೆ ಅನ್ನುವುದು 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯಿಂದ ಎಲ್ಲರಿಗೂ ತಿಳಿಯಿತು. ಎಂಟೇ ಕೋರ್, ಆದರೆ 96 ಎಂಬಿ ಎಲ್3 ಕ್ಯಾಶ್. ಮತ್ತೆ ಮತ್ತೆ ಬೇಕಾಗುವ ಮಾಹಿತಿ ಕೈಗೆಟುಕುವಲ್ಲೇ ಇರುವುದರಿಂದ ದೂರದ ರ‍್ಯಾಮ್‌ವರೆಗೆ ಓಡಾಟ ಕಮ್ಮಿ. ಆ ಎಕ್ಸ್3ಡಿ ಸಾಲಿನ ಪ್ರೊಸೆಸರ್‌ಗಳು ನಡುವಿನ ಬಜೆಟ್‌ಗೆ ದುಬಾರಿ. ಆದರೆ ಅದಕ್ಕೆ ಹೊಂದುವ ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗದ) ಬೋರ್ಡ್ ಇದ್ದರೆ ಮುಂದೊಂದು ದಿನ ಹಾಕಬಹುದು. ಮದರ್‌ಬೋರ್ಡ್ ಆರಿಸುವಾಗ ನಾನು ಮುಖ್ಯವಾಗಿ ನೋಡುವುದು ಇದನ್ನೇ.

2017ರ ಆ ನನ್ನ ಬೋರ್ಡ್ ವಿಷಯದಲ್ಲಿ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅದು ಎಎಂ4 ಸಾಕೆಟ್‌ನದು. ಐದು ವರ್ಷ ಆದ ಮೇಲೆ ಬಯೋಸ್ (ಕಂಪ್ಯೂಟರ್ ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡ್‌ನಲ್ಲಿ ರೈಜನ್ 5000 ಸಾಲಿನ ಪ್ರೊಸೆಸರ್ ಕೂರಿಸಿದೆ. ಬೋರ್ಡ್ ಹೊಸದು ಬೇಡ, ರ‍್ಯಾಮ್ ಹೊಸದು ಬೇಡ. ಆ ದಿನದ ಖುಷಿ ಇನ್ನೂ ನೆನಪಿದೆ. ಈಗಿನ ಎಎಂ5 ಸಾಕೆಟ್ 2022ರಲ್ಲಿ ಬಂತು, 2027ರವರೆಗೂ ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ನಡುವಿನ ಬಜೆಟ್‌ನವರು ಕಂಪ್ಯೂಟರ್ ಅನ್ನು ಒಮ್ಮೆಲೇ ಕೊಳ್ಳುವುದಿಲ್ಲ, ವರ್ಷಗಳಲ್ಲಿ ಕಂತು ಕಂತಾಗಿ ಬೆಳೆಸುತ್ತಾರೆ. ಹಾಗಾಗಿ ಸಾಕೆಟ್‌ನ ಆಯಸ್ಸು ಮುಖ್ಯ. ಬೋರ್ಡ್‌ನ ಉಳಿದ ಬೆಡಗು ಬೇಡ. ಬಿ650 ತರಹದ ಚಿಪ್‌ಸೆಟ್, ವಿದ್ಯುತ್ ಸರಬರಾಜಿನ ಭಾಗದ ಮೇಲೆ ಬಿಸಿ ಹೀರುವ ಸರಿಯಾದ ಹೀಟ್‌ಸಿಂಕ್, ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಸ್ಲಾಟ್, ಪ್ರೊಸೆಸರ್ ಇಲ್ಲದೆಯೂ ಬಯೋಸ್ ಅಪ್‌ಡೇಟ್ ಮಾಡುವ ಬಟನ್, ಇಷ್ಟಿದ್ದರೆ ಸಾಕು.

ರ‍್ಯಾಮ್ ಈಗ ಕಷ್ಟದ ವಿಷಯ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಅದರ ಬೆಲೆ ಎಲ್ಲೆಡೆ ಜಿಗಿಯಿತು. ಅವನ ಕಣ್ಣು 64 ಜಿಬಿ ಮೇಲಿತ್ತು. ಗೇಮ್ ಆಡಲು ಅಷ್ಟು ಬೇಕಾಗಿಲ್ಲ. 32 ಜಿಬಿ, ಅದೂ 16ರ ಎರಡು ಕಡ್ಡಿ. ಒಂದೇ ಕಡ್ಡಿ ಹಾಕಿದರೆ ಒಂದೇ ಚಾನೆಲ್, ಅಂದರೆ ಎರಡು ಬಾಗಿಲಿರುವ ಮನೆಯಲ್ಲಿ ಒಂದನ್ನು ಮುಚ್ಚಿಟ್ಟ ಹಾಗೆ. ತೀರಾ ಹೊರೆಯಾದರೆ 8ರ ಎರಡು ಕಡ್ಡಿಯಿಂದ ಶುರು ಮಾಡಬಹುದು, ಆದರೆ ಎಎಂ5ನಲ್ಲಿ ನಾಲ್ಕು ಕಡ್ಡಿ ಹಾಕಿದರೆ ವೇಗ ಇಳಿಸಬೇಕಾಗಿ ಬರುವುದು ಸಾಮಾನ್ಯ. ಮುಂದೆ ಇನ್ನೆರಡು ಸೇರಿಸೋಣ ಅನ್ನುವ ಯೋಚನೆ ಅಷ್ಟು ಸಲೀಸಲ್ಲ.

ವೇಗದ ಬಗ್ಗೆ ಒಂದು ಸಣ್ಣ ಲೆಕ್ಕ. ಡಿಡಿಆರ್5 (ಈಗಿನ ಪೀಳಿಗೆಯ ರ‍್ಯಾಮ್), ವೇಗ 6000, ಸಿಎಲ್ (ಕಾಯುವ ಸುತ್ತುಗಳ ಎಣಿಕೆ) 30 ಅಂದರೆ ಮಾಹಿತಿ ಬರಲು ಹಿಡಿಯುವ ಸಮಯ 10 ನ್ಯಾನೋಸೆಕೆಂಡ್. ಹಿಂದಿನ ಪೀಳಿಗೆಯ ಡಿಡಿಆರ್4 3200, ಸಿಎಲ್ 16 ಕೂಡ ಅಷ್ಟೇ, 10. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನಿಮಗೇ ಸಿಗುತ್ತದೆ. ಡಿಡಿಆರ್5ನಲ್ಲಿ ಸೆಕೆಂಡಿಗೆ ಹೊತ್ತು ತರುವುದು ಜಾಸ್ತಿ, ಲಾಭ ಅಲ್ಲಿದೆ. 6000 ಸಿಎಲ್ 36 ಆದರೆ 12 ನ್ಯಾನೋಸೆಕೆಂಡ್. ಬೆಲೆ ತುಂಬಾ ಕಮ್ಮಿ ಇದ್ದರೆ ಅದನ್ನೇ ತಗೊಳ್ಳಿ, ಆಡುವಾಗ ಆ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಗೇಮ್‌ಗಳನ್ನೆಲ್ಲ ಇಡುವ ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 1 ಟಿಬಿಯ ಎನ್‌ವಿಎಂಇ (ಎಂ.2 ಸ್ಲಾಟ್‌ಗೆ ಕೂರುವ ವೇಗದ ಬಗೆ), ಜೆನ್ 4 ಅಂದರೆ ನಾಲ್ಕನೇ ಪೀಳಿಗೆ, ಸಾಧ್ಯವಾದರೆ ಹೆಚ್ಚು ಬಾಳುವ ಟಿಎಲ್‌ಸಿ ಬಗೆಯದು. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಸುತ್ತ ನಿಲ್ಲುತ್ತದೆ, ಜೆನ್ 4 ಏಳು ಸಾವಿರದ ಹತ್ತಿರ ಹೋಗುತ್ತದೆ, ಜೆನ್ 5 ಅದರ ಎರಡು ಪಟ್ಟು. ಕಾಗದದ ಮೇಲೆ ದೊಡ್ಡ ಅಂತರ, ಗೇಮ್ ತೆರೆಯುವಾಗ ಕೆಲವೇ ಸೆಕೆಂಡ್. ಜೆನ್ 5ಕ್ಕೆ ಕೊಡುವ ದುಡ್ಡು ಕಾರ್ಡ್‌ಗೆ ಹೋಗಲಿ.

ಪವರ್ ಸಪ್ಲೈ ಹಾಗಲ್ಲ. ಇಲ್ಲಿ ನನಗೆ ಹೇಳಲು ತುಂಬಾ ಇದೆ.

ನನ್ನ ಹಳೆಯ ಕಂಪ್ಯೂಟರ್ ಮೂರನೇ ವರ್ಷಕ್ಕೆ ಒಂದು ಚಾಳಿ ಶುರು ಮಾಡಿತು. ಆಟದ ನಡುವೆ, ದೊಡ್ಡ ಸ್ಫೋಟವೋ ಮತ್ತೊಂದೋ ಬಂದಾಗ, ಪಟ್ ಅಂತ ಆರಿಬಿಡುತ್ತಿತ್ತು. ಎಚ್ಚರಿಕೆಯಿಲ್ಲ, ನೀಲಿ ಪರದೆಯಿಲ್ಲ. ನಾನು ವಿಂಡೋಸ್ ಮತ್ತೆ ಹಾಕಿದೆ. ಡ್ರೈವರ್ ಬದಲಿಸಿದೆ. ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಕಾರ್ಡ್ ಸತ್ತಿತು ಅಂತಲೇ ತೀರ್ಮಾನಿಸಿದ್ದೆ. ನಾಲ್ಕು ತಿಂಗಳು ಹೀಗೇ ಹೋಯಿತು. ಕೊನೆಗೆ ಗೆಳೆಯನೊಬ್ಬ ತನ್ನ ಪವರ್ ಸಪ್ಲೈ ತಂದು ಜೋಡಿಸಿದ, ಅವತ್ತಿಂದ ಒಂದು ಸಲವೂ ಆರಲಿಲ್ಲ. ಆಮೇಲೆ ನನ್ನ ಹಳೆಯದನ್ನು ಹೊರಗೆ ತೆಗೆದು ಬದಿಯ ಚೀಟಿ ಓದಿದೆ. ಮೇಲೆ ದಪ್ಪಕ್ಷರದಲ್ಲಿ 500 ವಾಟ್. ಕೆಳಗೆ ಸಣ್ಣಕ್ಷರದಲ್ಲಿ 12 ವೋಲ್ಟ್ ಸಾಲಿನಲ್ಲಿ 30 ಆಂಪಿಯರ್. ಹನ್ನೆರಡು ಮೂವತ್ತಲಿ 360. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ 12 ವೋಲ್ಟ್ ಸಾಲಿನಿಂದಲೇ. ಉಳಿದ ವಾಟ್‌ಗಳು ಈಗಿನ ಕಂಪ್ಯೂಟರ್‌ಗೆ ಹೆಚ್ಚು ಬೇಕೇ ಆಗದ 3.3 ಮತ್ತು 5 ವೋಲ್ಟ್ ಸಾಲುಗಳಲ್ಲಿದ್ದವು. ಅಂದಿನಿಂದ ನಾನು ಯಾವ ಪವರ್ ಸಪ್ಲೈ ನೋಡಿದರೂ ಮೊದಲು ಆ ಚೀಟಿ ಓದುತ್ತೇನೆ.

ಎಷ್ಟು ವಾಟ್ ಬೇಕು? ಕೂಡಿ ನೋಡಿ. ಆರ್‌ಟಿಎಕ್ಸ್ 5060 ಟಿಐ 16 ಜಿಬಿಗೆ 180 ವಾಟ್, ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಗೆ 160. ಪ್ರೊಸೆಸರ್ 65 ವಾಟ್‌ನದಾದರೂ ಜೋರಾಗಿ ಓಡುವಾಗ ಅದಕ್ಕಿಂತ ಹೆಚ್ಚು ಉಣ್ಣುತ್ತದೆ, ಅದಕ್ಕೆ 90 ಇಟ್ಟುಕೊಳ್ಳಿ. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿ 60. ಸುಮಾರು 330 ಆಯಿತು. ಹಾಗಾದರೆ 450 ಸಾಕಲ್ವಾ ಅನ್ನಿಸಬಹುದು. ಆದರೆ ಕಾರ್ಡ್ ಒಂದೇ ಸಮನೆ ಉಣ್ಣುವುದಿಲ್ಲ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಮ್ಮಿ ಹೊತ್ತು ಒಮ್ಮೆಲೇ ತುಂಬಾ ಸೆಳೆಯುತ್ತದೆ. 2022ರ ಎಟಿಎಕ್ಸ್ 3.0 ನಿಯಮದಲ್ಲಿ, ಹೊಸ ಕಾರ್ಡ್‌ಗಳ ಕನೆಕ್ಟರ್ ಇರುವ ಪವರ್ ಸಪ್ಲೈ ತನ್ನ ಅಳತೆಯ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಅಂತ ಸೇರಿಸಿದ್ದು ಈ ಕಾರಣಕ್ಕೇ. ನನ್ನ ಹಳೆಯ ಕಂಪ್ಯೂಟರ್ ಆರುತ್ತಿದ್ದದ್ದೂ ಅಂಥ ಹೊತ್ತಿನಲ್ಲೇ. 650 ವಾಟ್‌ನ ಒಳ್ಳೆಯದೊಂದು ತಗೊಂಡರೆ ಮುಂದಿನ ಕಾರ್ಡ್‌ಗೂ ಆಗುತ್ತದೆ. '80 ಪ್ಲಸ್ ಗೋಲ್ಡ್' ಅನ್ನುವುದು ಅರ್ಧ ಲೋಡ್‌ನಲ್ಲಿ ಗೋಡೆಯಿಂದ ಎಳೆದ ವಿದ್ಯುತ್‌ನಲ್ಲಿ ಸುಮಾರು 90% ಒಳಗೆ ತಲುಪುತ್ತದೆ ಅನ್ನುವುದಕ್ಕೆ ಗುರುತು. ಒಳಗಿನ ಕೆಪಾಸಿಟರ್ ಎಷ್ಟು ಗಟ್ಟಿ, ತೊಂದರೆ ಬಂದಾಗ ತಾನೇ ಆರಿ ಉಳಿದದ್ದನ್ನು ಕಾಯುತ್ತದೆಯೇ ಅನ್ನುವುದನ್ನು ಆ ಗುರುತು ಹೇಳುವುದಿಲ್ಲ. ಬಿಚ್ಚಿ ಪರೀಕ್ಷಿಸಿದ ರಿವ್ಯೂ ಓದಿ. ಎಷ್ಟು ವರ್ಷದ ವಾರಂಟಿ ಇದೆ ನೋಡಿ.

ಕ್ಯಾಬಿನೆಟ್‌ಗೆ ನನ್ನದು ಒಂದೇ ಬೇಡಿಕೆ, ಮುಂಭಾಗ ಜಾಲರಿ ಇರಲಿ. ಮುಂದಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಬಿಸಿ ಗಾಳಿ ಹೊರಗೆ. ಮುಂದೆ ಗಾಜು ಮುಚ್ಚಿದ್ದರೆ ಫ್ಯಾನ್ ಎಷ್ಟು ತಿರುಗಿದರೂ ಒಳಗಿನ ಬಿಸಿಯೇ ಸುತ್ತುತ್ತಿರುತ್ತದೆ. ಕೊಳ್ಳುವ ಮೊದಲು ಎರಡು ಅಳತೆ ಬರೆದುಕೊಳ್ಳಿ: ಕಾರ್ಡ್‌ನ ಉದ್ದ, ಕೂಲರ್‌ನ ಎತ್ತರ. ನಾಕ್ಟುವಾ ಎನ್‌ಎಚ್-ಡಿ15 ತರಹದ ದೊಡ್ಡ ಕೂಲರ್ 165 ಮಿಲಿಮೀಟರ್ ಎತ್ತರ, ಎಲ್ಲ ಕ್ಯಾಬಿನೆಟ್‌ಗೂ ಹಿಡಿಸುವುದಿಲ್ಲ. ನಮ್ಮ ಪ್ರೊಸೆಸರ್‌ಗೆ ಅಷ್ಟು ದೊಡ್ಡದು ಬೇಕೂ ಆಗಿರಲಿಲ್ಲ.

ಎಲ್ಲ ಬಂದ ಮೇಲೆ ಒಂದು ಭಾನುವಾರ ಜೋಡಿಸಲು ಕೂತೆವು. ಸ್ಕ್ರೂ ಡ್ರೈವರ್ ಹಿಡಿದದ್ದು ಅವನೇ, ನಾನು ಪಕ್ಕದಲ್ಲಿ ಕೂತು ನೋಡಿದೆ. ರ‍್ಯಾಮ್ ಅನ್ನು ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿದ. ಸಂಜೆ ಹೊತ್ತಿಗೆ ಮುಗಿಯಿತು. ಸ್ವಿಚ್ ಒತ್ತಿದ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಅವನ ಮುಖ ನೋಡಲಾಗಲಿಲ್ಲ. "ಮುಟ್ಟಬೇಡ, ಕಾಯಿ" ಅಂದೆ. ಎಎಂ5 ಬೋರ್ಡ್‌ಗಳು ಮೊದಲ ಸಲ ಹೊತ್ತಿಕೊಂಡಾಗ ರ‍್ಯಾಮ್‌ನ ಗುಣ ಅಳೆದು ಹೊಂದಿಸಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತವೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮಧ್ಯದಲ್ಲೇ ಆರಿಸಿ, ಬಿಚ್ಚಿ, ಮತ್ತೆ ಜೋಡಿಸಿ ಒದ್ದಾಡುತ್ತಾರೆ. ನಾಲ್ಕನೇ ನಿಮಿಷಕ್ಕೆ ಪರದೆ ಬೆಳಗಿತು.

ಅಲ್ಲಿಗೆ ಕೆಲಸ ಮುಗಿದಿರಲಿಲ್ಲ. ಬಯೋಸ್‌ಗೆ ಹೋಗಿ ಎಕ್ಸ್‌ಪೊ (ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡುವ ಸೆಟ್ಟಿಂಗ್) ಆನ್ ಮಾಡಿಸಿದೆ, ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿತ್ತು. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಿದೆಯಾ ಅಂತ ನೋಡಿದೆವು. ವಿಂಡೋಸ್‌ನಲ್ಲಿ ರಿಫ್ರೆಶ್ ರೇಟ್ 60ರಲ್ಲೇ ನಿಂತಿತ್ತು, ಅದನ್ನು 144 ಮಾಡಿದ. ಮೌಸ್ ಅತ್ತಿತ್ತ ಆಡಿಸಿ ನೋಡಿದ. ಇನ್ನೊಂದು ಸಲ ಆಡಿಸಿದ. ಗೇಮ್ ಇನ್ನೂ ಹಾಕಿಯೇ ಇರಲಿಲ್ಲ, ಬರೀ ಮೌಸ್ ಬಾಣ ಸರಿಯುವುದನ್ನೇ ನೋಡುತ್ತಾ ಕೂತಿದ್ದ.

ಬದಿಯ ಬಾಗಿಲು ಮುಚ್ಚುವ ಮೊದಲು ಒಂದು ಚೀಟಿ ಬರೆದು ಒಳಗೆ ಅಂಟಿಸು ಅಂದೆ. ಕೊಂಡ ತಾರೀಕು, ಪವರ್ ಸಪ್ಲೈನ ಮಾಡೆಲ್, ಅದರ ವಾರಂಟಿ. ಆಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು: 'ಬೇರೆ ಪವರ್ ಸಪ್ಲೈನ ಕೇಬಲ್ ಇದಕ್ಕೆ ಹಾಕಬಾರದು.' ತುದಿ ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ತಂತಿಗಳ ಜಾಗ ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ತರಹ. ಪರಿಚಯದವರೊಬ್ಬರು ಹಾಗೇ ಹಳೆಯ ಕೇಬಲ್ ಹಾಕಿ, ಮಗಳ ಚಿಕ್ಕಂದಿನ ಫೋಟೊಗಳಿದ್ದ ಹಾರ್ಡ್ ಡಿಸ್ಕ್ ಕಳೆದುಕೊಂಡರು. ಅವನು ಅದನ್ನು ಎರಡು ಸಲ ಓದಿ, ಕೆಳಗೆ ತನ್ನದೇ ಒಂದು ಸಾಲು ಸೇರಿಸಿದ: 'ಮೂರು ವರ್ಷ ಆದ ಮೇಲೆ ಕಾರ್ಡ್ ಮಾತ್ರ ಬದಲಿಸೋದು.' ಆಮೇಲೆ ಬಾಗಿಲಿನ ಸ್ಕ್ರೂ ಬಿಗಿ ಮಾಡಿದ.